ಮುಟ್ಟಬ್ಯಾಡ, ಕೆಡತದ

ಹೋದ ಸಲ ಮೆಂತ್ಯದ ಹಿಟ್ಟಿನ ಬಗ್ಗೆ ಬರದಾಗ ನಮ್ಮ ಸಣ್ಣ ವೈನಿ ಫೋನ್ ಮಾಡಿ, "ಈ ಸಲ ಯಾರ ಮ್ಯಾಲೂ ಸಿಟ್ಟಿಲ್ಲದ ಬರದೀಯಲ್ಲ, ಮೈಯಾಗ ಆರಾಮ ಅದನೋ ಇಲ್ಲೋ?" ಅಂತ ಕೇಳಿದ್ರು. ಆರಾಮ ಇದ್ದೇನ್ರಿ ವೈನಿ. ಈ ಸಲ ಸಿಟ್ಟೂ ಅದ. ಚಹಾ ಇಟ್ಟಕೊಂಡು ಕೂತು ಓದ್ರಿ, ಒಂದೀಟು ಉದ್ದ ಆಗ್ತದ.

ಕಾರಣ ಏನಂದ್ರ, ನಮ್ಮ ಓಣಿಯ ಕೊನೀ ಮನಿ ಅಕ್ಕಾರ ಕಂಪ್ಯೂಟರಿಗೆ ಇಂಟರ್ನೆಟ್ ಬರೂದು ನಿಂತಿತ್ತು. ಅವರದು ಹಳೇ ಧಾರವಾಡದ ಮಣ್ಣಿನ ಗ್ವಾಡಿ ಮನಿ, ಗ್ವಾಡಿ ಎರಡೆರಡು ಫೂಟು ದಪ್ಪ. ಪಡಸಾಲ್ಯಾಗ ಹಚ್ಚಿದ ವೈ-ಫೈ ಹಿಂದಿನ ಖೋಲಿಗೆ ಮುಟ್ಟಂಗಿಲ್ಲ. ಅದಕ್ಕ ರೂಟರಿನಿಂದ ಹಿಂದಿನ ಖೋಲಿತನಕ ವೈರ್ ಎಳಸ್ಯಾರ. ಮಗಳು ಒಂದು ನೌಕರಿಗೆ ಅರ್ಜಿ ತುಂಬೂದಿತ್ತು, ಫೋಟೋ, ಸಹಿ, ಮಾರ್ಕ್ಸ್ ಕಾರ್ಡು ಎಲ್ಲಾ ಆ ಕಂಪ್ಯೂಟರಿನಾಗ. ಕಡೀ ದಿನ ಗುರುವಾರ. ಇಂಟರ್ನೆಟ್ ಹೋಗಿದ್ದು ಸೋಮವಾರ. ಮಗ ಪುಣೇದಾಗ ಇರ್ತಾನ, ಶನಿವಾರ ಬರಾಂವಿದ್ದ. ಅಕ್ಕಾರು ಏನಂದ್ರು? "ಅಂವ ಬರೂತನಾ ಯಾರೂ ಮುಟ್ಟಬ್ಯಾಡ್ರಿ, ಕೆಡತದ."

ಹುಡುಗಿ ಪೆನ್ ಡ್ರೈವಿನಾಗ ಎಲ್ಲಾ ಹಾಕ್ಕೊಂಡು ಮಳ್ಯಾಗ ಎರಡು ಸಲ ಅಂಗಡಿಗೆ ಅಡ್ಡಾಡಿ, ಕಡೀ ದಿನದ ಗದ್ದಲದಾಗ ವೆಬ್‌ಸೈಟ್ ತೆರೀಲಾರದ, ರಾತ್ರಿ ಹನ್ನೊಂದಕ್ಕ ಅರ್ಜಿ ಹಾಕಿ ಬಂದ್ಲು. ಜೋಡೀಲೆ ಅಜ್ಜಿ ಕಡಿಂದ ಬೈಸಿಕೊಂಡ್ಲು, ಇಷ್ಟು ಹೊತ್ತನಾ ಹೊರಗ ಯಾಕ ಅಂತ. ಶುಕ್ರವಾರ ನಾ ಲಿಂಬಿಕಾಯಿ ಉಪ್ಪಿನಕಾಯಿ ಕೊಡಾಕ ಹೋಗಿದ್ದೆ. ವಿಷಯ ಕೇಳಿ, ಕಂಪ್ಯೂಟರಿನ ಹಿಂದ ಕೈ ಹಾಕಿ ನೋಡಿದೆ. ವೈರಿನ ತುದೀಗೆ ಇರೋ ಪ್ಲಾಸ್ಟಿಕ್ ತಲಿ ಇರ್ತದಲ್ಲ, ಅದು ತೂತಿನಾಗ ಕೂತಂಗ ಕಾಣ್ತಿತ್ತು, ಕೂತಿರಲಿಲ್ಲ. ಅದರ ನಾಲಿಗಿ ಮುರದಿತ್ತು. ಒತ್ತಿ ಹಿಡದೆ, ಹಸರ ದೀಪ ಹತ್ತಿತು. ಬಿಟ್ಟೆ, ಆರಿತು. ನಾಲ್ಕು ದಿನ, ಒಂದು ಹುಡುಗಿಯ ನೌಕರಿ ಅರ್ಜಿ, ಇದಿಷ್ಟಕ್ಕ.

ನಾ ಆ ಅಕ್ಕಾರಿಗೆ ಬೈಯಾಕ ಇದನ್ನ ಬರೀತಿಲ್ಲ. ಅವರನ್ನ ಕೇಳೇ ಬರೀತೇನಿ, "ಬರಿ ಬರಿ, ನಾಲ್ಕು ಮಂದಿಗೆ ತಿಳೀಲಿ" ಅಂದಾರ. ನನ್ನ ಜಗಳ ಇರೂದು ಆ ಮಾತಿನ ಜೋಡಿ. ಮುಟ್ಟಬ್ಯಾಡ, ಕೆಡತದ. ಸಣ್ಣವರಿದ್ದಾಗ ರೇಡಿಯೋಕ್ಕ ಅಂದ್ರು, ಆಮ್ಯಾಲೆ ಟೀವಿಗೆ ಅಂದ್ರು, ಈಗ ಇದಕ್ಕ ಅಂತಾರ. ಅಂದವರು ಗಂಡಸರು ಅಂತ ನಾವು ಸಿಟ್ಟಾಗ್ತೇವಿ. ಖರೇ ಹೇಳಬೇಕಂದ್ರ ಈಗ ಅದನ್ನ ನಮಗ ನಾವ ಅಂದುಕೋತೇವಿ, ಅವರು ಮನ್ಯಾಗ ಇಲ್ಲದಾಗೂ ಅಂದುಕೋತೇವಿ.

ನಾವೇನು ಕಡಿಮಿ ಧೈರ್ಯದವರೇನ್ರಿ? ರಾತ್ರಿ ಒಂಬತ್ತಕ್ಕ ಸಾರು ಅರ್ಧ ಕುದ್ದಾಗ ಗ್ಯಾಸ್ ತೀರತದ. ಯಾರಿಗೂ ಕರಿಯಂಗಿಲ್ಲ. ಸಿಲಿಂಡರ್ ಹೊಳ್ಳಿಸಿಕೋತ ತಂದು, ವಾಷರ್ ನೋಡಿ, ರೆಗ್ಯುಲೇಟರ್ ಕೂಡಿಸಿ, ಅನುಮಾನ ಬಂದ್ರ ಸಾಬೂನಿನ ನೀರು ಹಚ್ಚಿ ಗುಳ್ಳಿ ಬರ್ತಾವೇನು ನೋಡಿ, ಒಲಿ ಹಚ್ಚತೇವಿ. ಅದು ತಪ್ಪಿದ್ರ ಮನೀನ ಸುಟ್ಟುಹೋಗ್ತದ. ಅದನ್ನ ನಮಗ ಯಾರೂ ಕೂಡಿಸಿ ಕಲಿಸಲಿಲ್ಲ, ಅಡಗಿ ಆಗಬೇಕಿತ್ತು, ಕಲತ್ವಿ. ಅಂಥಾ ನಾವು ಒಂದು ಇಂಚಿನ ಪ್ಲಾಸ್ಟಿಕ್ ನಾಲಿಗಿಗೆ ಹೆದರತೇವಿ! ಆ ವೈರಿನಾಗ ಹರಿಯೂದು ಸಂದೇಶದ ಕರೆಂಟು, ಒಂದೆರಡು ವೋಲ್ಟಿನದು, ಗ್ವಾಡಿ ಪ್ಲಗ್ಗಿನ 230 ವೋಲ್ಟ್ ಅಲ್ಲ. ನಮ್ಮ ಮನಿಯಂಥ ಮನ್ಯಾಗ ಅದನ್ನ ತಗದು ಹಾಕಿದ್ರ ಕೈಗೂ ಏನೂ ಆಗಂಗಿಲ್ಲ, ಕಂಪ್ಯೂಟರಿಗೂ ಏನೂ ಆಗಂಗಿಲ್ಲ, ಅದು ಚಾಲೂ ಇದ್ದಾಗ ತಗದ್ರೂ ಸೈತ.

ಇಷ್ಟು ಜೋರಾಗಿ ಮಾತಾಡಾಕ ನನಗೇನು ಹಕ್ಕದ ಅಂತ ಕೇಳಬಹುದು. ಅದ. ನಾ ಬೆಲಿ ಕೊಟ್ಟು ತಗೊಂಡೇನಿ. ಇದನ್ನ ನಿಮಗ ಪೂರಾ ಯಾವಾಗೂ ಹೇಳಿಲ್ಲ.

ಮೂರು ವರ್ಷದ ಹಿಂದಿನ ದೀಪಾವಳಿ. ಮನಿ ಝಾಡಿಸಿ, ದಿವಾಣ ಆ ಗ್ವಾಡಿಯಿಂದ ಈ ಗ್ವಾಡಿಗೆ ಸರಿಸಿದ್ವಿ. ಮರುದಿನ ಕಂಪ್ಯೂಟರಿಗೆ ಇಂಟರ್ನೆಟ್ ಇಲ್ಲ. ನಮ್ಮ ಮನಿಯವರು ಊರಾಗ ಇರಲಿಲ್ಲ. ಫೋನಿನಾಗ ಕೇಳಿದ್ರ, "ನೀ ಏನೂ ಮುಟ್ಟಬ್ಯಾಡ, ಅಂಗಡಿ ಹುಡುಗಗ ಹೇಳ್ತೇನಿ" ಅಂದ್ರು. ಹುಡುಗ ಬಂದ. ಕೂತು ಹತ್ತು ನಿಮಿಷ ಏನೋ ಒತ್ತಿದ. ಕಂಪ್ಯೂಟರಿನ ಹಿಂದ ಬಗ್ಗಿ ನೋಡಲಿಲ್ಲ, ಅದು ನನಗ ಇವತ್ತಿಗೂ ನೆನಪದ, ಯಾಕಂದ್ರ ಅಲ್ಲೆ ಧೂಳಾಗ್ಯದ, ನೋಡಿದ್ರ ನಾಚಿಕಿ ಅಂತ ನಾ ಮನಸಿನಾಗ ಅಂದಕೋತಿದ್ದೆ. "ಮಾಮಿ, ವಿಂಡೋಸ್ ಕೆಟ್ಟದ, ಫಾರ್ಮ್ಯಾಟ್ ಮಾಡಬೇಕು. ಹನ್ನೆರಡುನೂರು" ಅಂದ. ಒಳಗಿಂದು ಎಲ್ಲಾ ಹೋಗ್ತದೇನಪಾ ಅಂತ ಕೇಳಿದೆ. "ಡಿ ಡ್ರೈವಿಗೆ ಏನೂ ಆಗಂಗಿಲ್ಲ" ಅಂದ. ನಾ ಹೂಂ ಅಂದೆ. ಅಂವ ಪಾರ್ಟಿಶನ್ ಎಲ್ಲಾ ತಗದು ಹೊಸದಾಗಿ ಮಾಡಿಬಿಟ್ಟ. ಡಿ ಡ್ರೈವೂ ಹೋತು.

ಆ ಡಿ ಡ್ರೈವಿನಾಗ ನಮ್ಮ ಅತ್ತಿಯವರ ಹಾಡು ಇದ್ದವು. ಅವರು ತೀರಿಕೊಳ್ಳೋ ಹಿಂದಿನ ವರ್ಷ ಮಧ್ಯಾಹ್ನದಾಗ ಕೂಡಿಸಿಕೊಂಡು, ಆರತಿ ಹಾಡು, ಬೀಗರ ಹಾಡು, ತೊಟ್ಟಿಲ ಹಾಡು, ಒಂದೊಂದ ಒಂದೊಂದ ರೆಕಾರ್ಡ್ ಮಾಡಿದ್ದೆ. ನಡುವ ಕೆಮ್ಮಿದ್ದು, "ಸಾಕೇಳ, ಹಾಲು ಉಕ್ಕತಾವು ನೋಡು" ಅಂದಿದ್ದು ಎಲ್ಲಾ ಸೇರಿ. ಅವು ಹೋದವು. ಫಾರ್ಮ್ಯಾಟ್ ಆದಮ್ಯಾಲೆ ಡಿಸ್ಕಿನ ಮ್ಯಾಲೆ ಹೊಸದೇನೂ ಬರೀದ ಹಂಗ ತಗದಿಟ್ರ, ಕೆಲವೊಮ್ಮೆ ಹಳೇದನ್ನ ವಾಪಸ್ ತಗೀಬಹುದು. ಅದು ನನಗ ಗೊತ್ತಾಗೂದ್ರಾಗ ಅದರ ಮ್ಯಾಲೆ ಎಂಟು ತಿಂಗಳ ಸಿನೇಮಾ, ಫೋಟೋ ತುಂಬಿದ್ವಿ.

ಮುಂದಿಂದು ಕೇಳ್ರಿ. ಫಾರ್ಮ್ಯಾಟ್ ಆತು, ಹನ್ನೆರಡುನೂರು ಹೋತು, ಇಂಟರ್ನೆಟ್ ಬರಲಿಲ್ಲ. ಹುಡುಗ, "ಹಂಗಾದ್ರ ಮದರ್‌ಬೋರ್ಡ್ ಹೋಗ್ಯದ" ಅಂತ ಹೇಳಿ ಹೋದ. ಎರಡು ದಿನದ ಮ್ಯಾಲೆ ಕಸ ಹೊಡಿಯಾಕ ಬರೋ ನಮ್ಮಕಿ ದಿವಾಣದ ಕೆಳಗ ಕಸಬರಿಗಿ ಹಾಕಿ, "ಅವ್ವಾರ, ಈ ವೈರಿನ ಮ್ಯಾಲೆ ದಿವಾಣದ ಕಾಲು ಕೂತದ, ನೋಡ್ರಿ ಹ್ಯಾಂಗ ಅಪ್ಪಚ್ಚಿ ಆಗ್ಯದ" ಅಂದ್ಲು. ಹೊಸ ವೈರ್ ತಂದು ಹಾಕಿದ್ರ ಇಂಟರ್ನೆಟ್ ಬಂತು. ದಿವಾಣ ಸರಿಸಿದಾಕಿ ನಾನ. ಅದಕ್ಕ ಹುಡುಗನ ಮ್ಯಾಲೆ ಇಷ್ಟು ದಿನ ಯಾರ ಮುಂದೂ ಕೂಗಾಡಲಿಲ್ಲ. ಆದ್ರ ಒಂದು ಮಾತು. ಸರಿಸಿದ್ದು ನನ್ನ ತಪ್ಪು, ಮುಟ್ಟಬಾರದು ಅಂತ ಕೈಕಟ್ಟಿಕೊಂಡು ಕೂತಿದ್ದೂ ನನ್ನ ತಪ್ಪು. ನೋಡದ ಫಾರ್ಮ್ಯಾಟ್ ಮಾಡಿದ್ದು ಅಂವಂದು. ಬಗ್ಗಿ ನೋಡಾಕ ಹನ್ನೆರಡು ರೂಪಾಯಿನೂ ಖರ್ಚಿರಲಿಲ್ಲ.

ಅದಕ್ಕ ಮೊದಲನೇ ಮಾತು. ವೈರಿನ ಇಂಟರ್ನೆಟ್ ಹೋತಂದ್ರ, ಯಾರಾದ್ರೂ ಬಂದು ಕೂತ ಕೂಡ್ಲೆ "ಫಾರ್ಮ್ಯಾಟ್" ಅಂದ್ರ, ಅವರನ್ನ ಚಹಾ ಕೊಟ್ಟು ಕಳಸ್ರಿ. ಕಾಲು ನೋವು ಅಂತ ಹೋದ್ರ ಡಾಕ್ಟರು ಕಾಲು ನೋಡದ ತಲಿಗೆ ಆಪರೇಶನ್ ಬರಕೊಟ್ಟಂಗ ಅದು. ಫಾರ್ಮ್ಯಾಟಿಗೂ ಮುರದ ವೈರಿಗೂ ಸಂಬಂಧನ ಇಲ್ಲ.

ಇನ್ನ ದೀಪದ ಮಾತು. ನನಗ ಈ ವಿದ್ಯಾ ಅಂತ ಏನರ ಇದ್ರ, ಅದು ಪೂರಾ ದೀಪ ನೋಡೂದರಾಗ ಅದ. ನಾವು ದಿನಾ ದೀಪ ನೋಡೋ ಮಂದಿ, ಬತ್ತಿ ಎಷ್ಟು ಸುಟ್ಟದ, ಎಣ್ಣಿ ಎಷ್ಟದ ಅಂತ ದೂರಿಂದ ಹೇಳ್ತೇವಿ. ಇದೂ ಹಂಗ. ಕಂಪ್ಯೂಟರಿನ ಹಿಂದ ವೈರ್ ಸಿಗಿಸೋ ತೂತಿನ ಅಕ್ಕಪಕ್ಕ ಎರಡು ಸಣ್ಣ ದೀಪ ಇರ್ತಾವ, ಹಸರು, ಇಲ್ಲಾ ಕಿತ್ತಳಿ ಬಣ್ಣದವು. ರೂಟರಿನ ಮ್ಯಾಲೂ ಆ ವೈರಿನ ನಂಬರಿಗೆ ಒಂದು ದೀಪ ಇರ್ತದ. ಎರಡೂ ಕಡೆ ಪೂರಾ ಆರಿದ್ರ, ಅದು ಕೈಲೆ ಮುಟ್ಟೋ ರೋಗ: ವೈರ್ ಸಡಲಾಗ್ಯದ, ಮುರದದ, ಇಲಿ ಕಡದದ, ತೂತು ಸತ್ತದ, ಇಲ್ಲಾ ಕಂಪ್ಯೂಟರಿನೊಳಗ ಆ ತೂತನ್ನ ಬಂದ್ ಮಾಡಿಟ್ಟದ. ದೀಪ ಹತ್ತಿ ಮಿಣಮಿಣ ಅಂದ್ರ, ವೈರ್ ಹೆಚ್ಚೂಕಡಿಮಿ ಛಲೋ ಅದ, ತ್ರಾಸು ಬ್ಯಾರೆ ಕಡೆ. ಅರ್ಧ ಜಗಳ ಇಲ್ಲೇ ಮುಗೀತದ. ಇದನ್ನ ನೋಡಾಕ ಇಂಗ್ಲಿಷೂ ಬ್ಯಾಡ, ಇಂಜಿನಿಯರಿಂಗೂ ಬ್ಯಾಡ, ಚಷ್ಮಾ ಒಂದು ಬೇಕು.

ಅದಕ್ಕೂ ಮೊದಲ ಇನ್ನೊಂದು ದೀಪ ಅದ. ಈಗೆಲ್ಲಾ ಬಹಳ ಮನಿಗೆ ಫೈಬರ್ ಬಂದದ, ತೆಳ್ಳನ ಗಾಜಿನ ಎಳಿ ಒಂದು ಸಣ್ಣ ಡಬ್ಬಿಗೆ ಬಂದು ಸೇರ್ತದ. ಆ ಡಬ್ಬಿ ಮ್ಯಾಲೆ "ಲಾಸ್" ಅಂತ ಓದೂ ಹಂಗ ಎಲ್-ಓ-ಎಸ್ ಅಂತ ಬರದಿರ್ತಾರ. ಅದು ಕೆಂಪಗ ಹತ್ತಿದ್ರ, ಬೀದ್ಯಾಗ ಎಲ್ಲೋ ಎಳಿ ಹರದದ, ಇಲ್ಲಾ ಡಬ್ಬಿ ಹಂತ್ಯಾಕ ಬಾಗಿ ಮುರದದ. ಆವಾಗ ಮಾತ್ರ ನೀವು ಏನೂ ಮಾಡೂದಿಲ್ಲ, ಕಂಪನಿಗೆ ಫೋನ್ ಮಾಡೂದಷ್ಟ. ಆ ಎಳಿ ಜಗ್ಗಬ್ಯಾಡ್ರಿ, ಮಡಚಬ್ಯಾಡ್ರಿ, ತಗದು ಅದರ ತುದಿ ಕಣ್ಣಿಗೆ ಹಿಡಕೊಂಡು ನೋಡಬ್ಯಾಡ್ರಿ, ಒಳಗಿನ ಬೆಳಕು ಕಣ್ಣಿಗೆ ಕಾಣಂಗಿಲ್ಲ, ಆದ್ರ ಕಣ್ಣಿಗೆ ಕೆಟ್ಟದ್ದು. ಮತ್ತ ರೂಟರಿನ ಹಿಂದ ಸೂಜಿ ಹೋಗೋ ಅಷ್ಟು ಸಣ್ಣ ತೂತು ಇರ್ತದಲ್ಲ, ರೀಸೆಟ್ ಅಂತ, ಅದರಾಗ ಹೇರ್‌ಪಿನ್ ಹಾಕಬ್ಯಾಡ್ರಿ. ಕಂಪನಿಯವರು ತುಂಬಿಕೊಟ್ಟ ಹೆಸರು, ಪಾಸ್‌ವರ್ಡ್ ಎಲ್ಲಾ ಅಳಸಿಹೋಗ್ತದ. ಬಂದ್ ಮಾಡಿ ಚಾಲೂ ಮಾಡೂದು ಬ್ಯಾರೆ, ರೀಸೆಟ್ ಬ್ಯಾರೆ. "ಮುಟ್ಟಬ್ಯಾಡ" ಅನ್ನಾಕ ಈ ಎರಡಕ್ಕ ನಾನೂ ಅಂತೇನಿ. ಆದ್ರ ನೋಡ್ರಿ, ಈ ಎರಡನ್ನ ಯಾರೂ ನಮಗ ಬಿಡಿಸಿ ಹೇಳಲಿಲ್ಲ. ಇಡೀ ಟೇಬಲ್ಲಿಗೇ ಮಡಿ ಹಾಕಿಬಿಟ್ರು.

ಈ ಶ್ರಾವಣದಾಗ ನಮ್ಮನ್ಯಾಗ ಮತ್ತ ಹೋತು. ರಾತ್ರಿ ಗುಡುಗು ಸಿಡ್ಲು, ಮುಂಜಾನೆ ಕಂಪ್ಯೂಟರಿನ ಮ್ಯಾಲೆ "ನೆಟ್‌ವರ್ಕ್ ಕೇಬಲ್ ಅನ್‌ಪ್ಲಗ್ಡ್" ಅಂತ ಬಂದಿತ್ತು. ಮನಿಯವರು ಪೇಪರ್ ಓದಕೋತ, "ಅಂಗಡಿಗೆ ಹೇಳ್ಲೇನು?" ಅಂದ್ರು. ಬ್ಯಾಡ ಅಂದೆ. ಡಬ್ಬಿ ನೋಡಿದೆ, ಕೆಂಪ ಇಲ್ಲ. ಫೋನಿಗೆ ವೈ-ಫೈ ಬರ್ತಿತ್ತು, ಅಂದ್ರ ಮನಿತನಾ ಇಂಟರ್ನೆಟ್ ಬಂದದ. ಕಂಪ್ಯೂಟರಿನ ಹಿಂದ ದೀಪ ಇಲ್ಲ. ವೈರಿನ ಎರಡೂ ತುದಿ ತಗದು, ಊದಿ, ಟಕ್ ಅನ್ನೂತನಾ ಒತ್ತಿ ಹಾಕಿದೆ. ಇಲ್ಲ. ಕಪಾಟಿನಾಗ ಇಟ್ಟಿದ್ದ ಎರಡನೇ ವೈರ್ ಹಾಕಿದೆ. ಇಲ್ಲ. ಆಮ್ಯಾಲೆ ರೂಟರಿನ ಹಿಂದ ಎರಡನೇ ನಂಬರಿನ ತೂತಿನಿಂದ ತಗದು ಮೂರನೇದಕ್ಕ ಹಾಕಿದೆ. ದೀಪ ಹತ್ತಿತು! ಸಿಡಲಿಗೆ ಆ ಒಂದು ತೂತು ಸತ್ತಿತ್ತು ಅಂತ ಕಾಣ್ತದ. ಅದರ ಮ್ಯಾಲೆ ಬ್ಯಾಂಡೇಜಿನ ಪಟ್ಟಿ ಹಚ್ಚೇನಿ, ಮತ್ಯಾರೂ ಹಾಕಬಾರದು ಅಂತ. ಏಳು ನಿಮಿಷ. ಅಷ್ಟರಾಗ ಹಾಲು ಉಕ್ಕಿದ್ವು, ಅದೂ ಖರೇ.

ಸಿಡ್ಲಿನ ಮಾತು ಬಂತಂತ ಹೇಳ್ತೇನಿ. ಗಾಜಿನ ಎಳಿಯೊಳಗ ಕರೆಂಟು ಹರಿಯಂಗಿಲ್ಲ, ಆದ್ರ ಮೊದಲಿನಂಗ ತಾಮ್ರದ ವೈರ್ ಮಾಳಗಿ ಮ್ಯಾಲಿಂದ ಮಾಳಗಿಗೆ ಎಳದಿದ್ರ ಅದರ ಗುಂಟ ಸಿಡ್ಲಿನ ಹೊಡತ ನೇರ ಕಂಪ್ಯೂಟರಿನ ತೂತಿಗೆ ಬರ್ತದ. ಪ್ಲಗ್ಗಿನ ಕರೆಂಟಿನ ಗುಂಟನೂ ಬರ್ತದ. ಗುಡುಗು ದೂರ ಇದ್ದಾಗನ ಪ್ಲಗ್ಗೂ ವೈರೂ ತಗದಿಟ್ರ ಆತು. ತಲಿ ಮ್ಯಾಲೆ ಬಂದಮ್ಯಾಲೆ ಮುಟ್ಟಾಕ ಹೋಗಬ್ಯಾಡ್ರಿ. ಇನ್ನ ಕಂಪ್ಯೂಟರಿನ ತೂತು ಸತ್ತಿತಂತ ತಿಳೀರಿ, ಅದಕ್ಕ ಮದರ್‌ಬೋರ್ಡ್ ಬದಲಿ ಮಾಡಬೇಕಂತ ಯಾರೂ ಹೇಳಿದ್ರ ನಂಬಬ್ಯಾಡ್ರಿ. ಯುಎಸ್‌ಬಿಗೆ ಸಿಗಿಸೋ ಸಣ್ಣ ಅಡಾಪ್ಟರ್ ಸಿಗ್ತಾವ, ಒಂದು ಕಡೆ ಯುಎಸ್‌ಬಿ, ಇನ್ನೊಂದು ಕಡೆ ವೈರಿನ ತೂತು. ಒಂದು ಸಾದಾ ಕಾಟನ್ ಸೀರಿಗಿಂತ ಸೋವಿ.

ದೀಪ ಹತ್ತೇದ, ಆದ್ರೂ ಇಂಟರ್ನೆಟ್ ಇಲ್ಲ ಅಂದ್ರ? ಇದು ಬೆಳಗಾವಿ ವೈನಿ ಮನ್ಯಾಗ ಆಗಿತ್ತು. ಅವರಿಗೆ ಫೋನಿನಾಗ ನಾನ ಹೇಳಿಕೊಟ್ಟೆ. ಎಲ್ಲಾ ಬಂದ್ ಮಾಡಿ, ಒಂದರ್ಧ ನಿಮಿಷ ಬಿಟ್ಟು, ಮೊದಲ ಫೈಬರಿನ ಡಬ್ಬಿ, ಎರಡು ನಿಮಿಷ ಬಿಟ್ಟು ರೂಟರ್, ಕಡೀಗೆ ಕಂಪ್ಯೂಟರ್. ಮನ್ಯಾಗ ಹಿರಿಯರು ಎದ್ದಮ್ಯಾಲೆ ಸಣ್ಣವರು ಏಳೂ ಹಂಗ ಕ್ರಮ ಅದಕ್ಕ. ಅಷ್ಟಕ್ಕೂ ಬರಲಿಲ್ಲ. ಆವಾಗ ಕರೀ ಕಿಟಕಿ ತಗಸಿದೆ, ಸ್ಟಾರ್ಟಿನಾಗ ಸಿಎಮ್‌ಡಿ ಅಂತ ಬರದ್ರ ಬರ್ತದ, ಅದರಾಗ "ಐಪಿಕಾನ್ಫಿಗ್" ಅಂತ ಹೊಡದ್ರ ನಿಮ್ಮ ಕಂಪ್ಯೂಟರಿನ ಮನಿ ನಂಬರ್ ತೋರಸ್ತದ. ರೂಟರ್ ಅನ್ನೂದು ಮನಿ ನಂಬರ್ ಹಂಚೋ ತಲಾಠಿ ಇದ್ದಂಗ. 192.168 ಅಂತ ಸುರುವಾದ ನಂಬರ್ ಬಂದ್ರ ತಲಾಠಿ ನಂಬರ್ ಕೊಟ್ಟಾನ ಅಂತ ಅರ್ಥ. 169.254 ಅಂತ ಬಂದ್ರ, ಅಂವ ಕೊಟ್ಟಿಲ್ಲ, ಕಂಪ್ಯೂಟರ್ ಬ್ಯಾಸತ್ತು ತಾನ ಒಂದು ಬರಕೊಂಡು ಕೂತದ. ವೈನೀದು 169. ಸಿಗಿಸಿದ ತೂತು ತಪ್ಪಾಗಿತ್ತು: ಒಳಗ ಬರೋ ಲೈನಿನ ತೂತಿಗೆ ಕಂಪ್ಯೂಟರ್ ಸಿಗಿಸಿದ್ರು, ಒಳಗ ಬರೋದನ್ನ ಕಂಪ್ಯೂಟರಿನ ತೂತಿಗೆ. ಗ್ವಾಡಿ ಸುಣ್ಣ ಹಚ್ಚಾಕ ಬಂದವರು ತಗದು ಹಾಕಿದ್ದು. ನೆಟ್ಟಗ ಮಾಡಿದ್ರು, ಬಂತು. ಅಣ್ಣ ಸಂಜಿಗೆ ಬಂದು, "ಯಾರು ಮಾಡಿದ್ರು?" ಅಂತ ಮೂರು ಸಲ ಕೇಳಿದ್ನಂತ. ಮೂರು ಸಲ!

ಅದೇ ಕರೀ ಕಿಟಕಿಯಾಗ "ಪಿಂಗ್ 8.8.8.8" ಅಂತ ಹೊಡದ್ರ ಹೊರಗಿನ ಜಗತ್ತಿಗೆ ಒಂದು ಕೂಗು ಹಾಕಿದಂಗ. "ರಿಪ್ಲೈ" ಅಂತ ಉತ್ತರ ಬಂತು, ಆದ್ರೂ ಯಾವ ವೆಬ್‌ಸೈಟೂ ತೆರೀವಲ್ದು ಅಂದ್ರ, ರಸ್ತಾ ಛಲೋ ಅದ, ಹೆಸರಿನಿಂದ ವಿಳಾಸ ಹುಡುಕಿಕೊಡೋ ಡಿಎನ್‌ಎಸ್ ಮಲಗ್ಯದ. ಇಷ್ಟು ಸಾಕು, ಇದರಾಚೆ ಬೇಕಾದವರು ಮನಿಗೆ ಬರ್ರಿ, ತೋರಸ್ತೇನಿ.

ಹುಬ್ಬಳ್ಳಿ ಮಾವಶಿಗೆ ಎಪ್ಪತ್ತನಾಲ್ಕು. ಅವರದು ಬ್ಯಾರೆ ತರಹ: ದಿನಾ ರಾತ್ರಿ ಶಟ್‌ಡೌನ್ ಮಾಡ್ತಿದ್ರು, ಮುಂಜಾನೆ ಹಚ್ಚಿದ್ರ ಮತ್ತ ಅದೇ ರೋಗ. ವಿಂಡೋಸಿನಾಗ ಫಾಸ್ಟ್ ಸ್ಟಾರ್ಟ್‌ಅಪ್ ಅಂತ ಒಂದದ. ಅದು ಚಾಲೂ ಇದ್ರ ಶಟ್‌ಡೌನ್ ಅಂದ್ರ ಪೂರಾ ನಿದ್ದಿ ಅಲ್ಲ, ಕೋಳಿನಿದ್ದಿ. ಒಳಗಿನ ಗೊಂದಲ ಹಂಗ ಉಳೀತದ. "ರೀಸ್ಟಾರ್ಟ್" ಅಂತ ಒತ್ತಿದ್ರ ಮಾತ್ರ ಪೂರಾ ತೊಳದು ಏಳ್ತದ. ಒಂದ ಒಂದು ರೀಸ್ಟಾರ್ಟಿಗೆ ಸರಿ ಆತು. ಈಗ ಮಾವಶಿ ಎಲ್ಲಾರಿಗೂ ರೀಸ್ಟಾರ್ಟ್ ಮಾಡು ಅಂತ ಹೇಳ್ತಾರ, ಮಂಡಿ ನೋವು ಅಂದವರಿಗೂ.

ಬೆಂಗಳೂರಿನ ನಾದಿನಿಗೆ ವಿಂಡೋಸ್ ಅಪ್‌ಡೇಟ್ ಆದಮ್ಯಾಲೆ ಡ್ರೈವರ್ ಕೆಟ್ಟಿತ್ತು. ಡ್ರೈವರ್ ಅಂದ್ರ ಆ ತೂತನ್ನ ನಡಸೋ ಸಾಫ್ಟ್‌ವೇರು. ಡಿವೈಸ್ ಮ್ಯಾನೇಜರಿನಾಗ ಹೋಗಿ ನೆಟ್‌ವರ್ಕ್ ಅಡಾಪ್ಟರಿನ ಮ್ಯಾಲೆ ರೋಲ್ ಬ್ಯಾಕ್ ಒತ್ತಿದ್ರ ಹಳೇದು ವಾಪಸ್ ಬರ್ತದ. ಅಕಿದು ಆ ಗುಂಡಿ ಒತ್ತಾಕ ಬರಲಾರದಂಗ ಮಬ್ಬಾಗಿತ್ತು, ಹೊಸಾ ಡ್ರೈವರ್ ಇಳಿಸಬೇಕಿತ್ತು, ಅದಕ್ಕ ಇಂಟರ್ನೆಟ್ ಇಲ್ಲ. ಕೀಲಿ ಒಳಗಿಟ್ಟು ಬಾಗಲಾ ಹಾಕಿಕೊಂಡಂಗ. ಆವಾಗ ಫೋನಿನ ಚಾರ್ಜರ್ ವೈರ್ ಕಂಪ್ಯೂಟರಿಗೆ ಸಿಗಿಸಿ, ಫೋನಿನ ಸೆಟ್ಟಿಂಗಿನಾಗ ಯುಎಸ್‌ಬಿ ಟೆದರಿಂಗ್ ಚಾಲೂ ಮಾಡಿದ್ಲು. ಫೋನಿನ ಇಂಟರ್ನೆಟ್ ಕಂಪ್ಯೂಟರಿಗೆ ಹರೀತು. ಇದನ್ನ ದಯಮಾಡಿ ಎಲ್ಲಾರೂ ನೆನಪಿಡ್ರಿ. ಕೊನೀ ಮನಿ ಹುಡುಗಿ ಆ ಗುರುವಾರ ಮಳ್ಯಾಗ ಹೋಗೂದು ಬ್ಯಾಡಿತ್ತು, ಅಕಿ ಕೈಯಾಗ ಫೋನ್ ಇತ್ತು, ಚಾರ್ಜರ್ ವೈರ್ ಇತ್ತು.

ಈಗ ನನಗ ಬರೋ ಉತ್ತರ ಗೊತ್ತವ. ಮೊದಲನೇದು, "ನೀನ ಎಲ್ಲಾ ಮಾಡಿದ್ರ ಆ ರಿಪೇರಿ ಹುಡುಗರ ಹೊಟ್ಟಿ ಮ್ಯಾಲೆ ಹೊಡದಂಗ." ಇದರಾಗ ಸತ್ಯ ಅದ, ಸುಳ್ಳಲ್ಲ. ಛಲೋ ಹುಡುಗರು ಇದ್ದಾರ; ನಮ್ಮ ಮನಿಗೆ ಈಗ ಬರಾಂವ ಅಂಥಾಂವ, ಮೊದಲ ಹಿಂದ ಬಗ್ಗಿ ನೋಡ್ತಾನ. ಅವಗ ನಾ, "ದೀಪ ಹತ್ತಂಗಿಲ್ಲ, ವೈರ್ ಬದಲಿ ಮಾಡಿ ನೋಡೇನಿ, ತೂತು ಬದಲಿ ಮಾಡಿ ನೋಡೇನಿ" ಅಂತ ಹೇಳಿ ಕರದ್ರ ಅವಂದೂ ಒಂದು ತಾಸು ಉಳೀತದ. ಏನೂ ನೋಡದ, "ಬರವಲ್ದು, ಬಾರಪಾ" ಅನ್ನೂದು ಒಳ್ಳೆಯವರ ಹೊಟ್ಟಿ ತುಂಬಸೂದಿಲ್ಲ, ಫಾರ್ಮ್ಯಾಟಿನವರದು ತುಂಬಸ್ತದ.

ಕಂಪನಿಗೆ ಫೋನ್ ಮಾಡೋದೂ ಹಂಗ. "ಮಾಡ್ತೇವಿ ಮೇಡಂ" ಅಂತ ನಾಲ್ಕು ದಿನ ಹೇಳ್ತಾರ. ನೀವು ಡಾಕೆಟ್ ನಂಬರ್ ಕೇಳ್ರಿ. ಟ್ರಾಯ್ 2012ರಾಗ ಮಾಡಿದ ನಿಯಮದ ಪ್ರಕಾರ ದೂರಿಗೆ ನಂಬರ್ ಕೊಡಬೇಕು, ಸರಿ ಆಗಲಿಲ್ಲಂದ್ರ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಹೋಗಬಹುದು. ನಂಬರ್ ಕೇಳಿದ ಕೂಡ್ಲೆ ಆ ಕಡಿಯ ದನಿ ಬದಲಾಗ್ತದ, ಒಮ್ಮೆ ಕೇಳಿ ನೋಡ್ರಿ.

ಎರಡನೇ ಉತ್ತರ ನಮ್ಮದ, ನಮ್ಮ ಹೆಣ್ಣಮಕ್ಕಳದು. "ನನಗ ಅದೆಲ್ಲಾ ತಿಳಿಯಂಗಿಲ್ಲವಾ." ಅದನ್ನ ನಾವು ಹೇಳೂ ಧಾಟಿ ನೋಡ್ರಿ, ತುಟಿ ಮ್ಯಾಲೆ ಸಣ್ಣ ನಗಿ ಇರ್ತದ, ಉಪವಾಸ ಮಾಡೇನಿ ಅಂತ ಹೇಳಿದಂಗ. ತಿಳಿಯಂಗಿಲ್ಲ ಅನ್ನೂದು ಯಾವಾಗಿಂದ ಶೀಲ ಆತು? ನಾನೂ ಹಂಗ ನಕ್ಕಾಕಿ, ಅಂಗಡಿ ಹುಡುಗನ ಮುಂದ ಅವತ್ತು ಹಂಗ ನಕ್ಕ ಹೂಂ ಅಂದಿದ್ದೆ. ಆ ನಗಿಯ ರೊಕ್ಕ ಹನ್ನೆರಡುನೂರಲ್ಲ.

ಇನ್ನೂ ಒಂದು ಕಠಿಣ ಮಾತದ, ಬರೀಲೋ ಬ್ಯಾಡೋ ಅಂತ ಎರಡು ದಿನ ವಿಚಾರ ಮಾಡಿದೆ. ನಮ್ಮ ಬಳಗದಾಗ ಒಬ್ಬರ ಯಜಮಾನ್ರು ಹೋದ ವರ್ಷ ತೀರಿಕೊಂಡ್ರು. ಹದಿನೈದು ದಿನದ ಮ್ಯಾಲೆ ಇಂಟರ್ನೆಟ್ ನಿಂತಿತು. ಕನೆಕ್ಷನ್ ಅವರ ಹೆಸರಿನ ಮ್ಯಾಲೆ. ದಾಖಲಾದ ಫೋನ್ ನಂಬರ್ ಅವರದು. ಓಟಿಪಿ ಬರೂದು ಅವರ ಫೋನಿಗೆ, ಆ ಫೋನಿನ ಲಾಕು ಅವರ ಬೆರಳಿಗೆ. ಆ ತಾಯಿ ಮಗಳ ಜೋಡಿ ಅಮೇರಿಕಾಕ್ಕ ದಿನಾ ಕಂಪ್ಯೂಟರಿನ ಮ್ಯಾಲೆ ಮಾತಾಡ್ತಿದ್ರು, ಆ ದುಃಖದಾಗ ಅದೂ ಬಂದ್. ಯಾರೂ ಕೆಟ್ಟವರಲ್ಲ ಅಲ್ಲೆ. "ನಾ ಇದ್ದೇನಲ್ಲ" ಅಂತ ಪ್ರೀತಿಲೇ ಎಲ್ಲಾ ತಾವ ನೋಡಿಕೊಂಡಿದ್ರು. ಅದಕ್ಕ ಇವತ್ತ ರಾತ್ರಿ ಊಟ ಆದಮ್ಯಾಲೆ ಮನ್ಯಾಗ ಕೇಳ್ರಿ: ಗ್ರಾಹಕರ ನಂಬರ್ ಯಾವುದು, ರೂಟರಿನ ಹೆಸರು ಪಾಸ್‌ವರ್ಡ್ ಏನು, ಲೈನಿನ ಯೂಸರ್‌ನೇಮ್ ಏನು, ಯಾವ ಫೋನ್ ನಂಬರ್ ದಾಖಲಾಗ್ಯದ, ನಿಮ್ಮದೂ ಸೇರಸ್ಲಿಕ್ಕೆ ಬರ್ತದೇನು. ನಾ ಎಲ್ಲಾ ಮಸಾಲಿ ಪುಡಿ ಅಳತಿ ಬರದಿಟ್ಟ ವಹಿಯ ಕಡೀ ಪುಟದಾಗ ಬರದೇನಿ. ಕೇಳಿದಾಗ ನಮ್ಮನಿಯವರು, "ಯಾಕ, ನನ್ನ ಕಳಸೋ ತಯಾರಿನೇನು?" ಅಂತ ನಕ್ರು. ನಾನೂ ನಕ್ಕೆ, ಬರಕೊಂಡೆ.

ಕೊನೀ ಮನಿ ಅಕ್ಕಾರಿಗೆ ಹೊಸಾ ವೈರ್ ತಂದು ಕೊಟ್ಟೇನಿ. ಅಳತಿ ನೋಡಿ ತಗೋರಿ, ಗ್ವಾಡಿ ಗುಂಟ ಬಾಗಿಸಿ ಎಳದ್ರ ಎಷ್ಟಾಗ್ತದ ಅಂತ ಮೊದಲ ನೂಲಿನಿಂದ ಅಳದು ನೋಡ್ರಿ. ಬಿಗಿ ಎಳದ ವೈರ್ ಆರು ತಿಂಗಳಾಗ ತಲಿ ಮುರಕೋತದ. ಬಾಗಲಾದ ಸಂದಿನಾಗ ಹಾಯಿಸಬ್ಯಾಡ್ರಿ, ದಿವಾಣದ ಕಾಲು ಅಂತೂ ಹೇಳೂದ ಬ್ಯಾಡ. ಒಂದು ಹೆಚ್ಚಿನ ವೈರ್ ತಂದು ಕಪಾಟಿನಾಗ ಇಡ್ರಿ, ಹೆಚ್ಚಿನ ಗ್ಯಾಸ್ ವಾಷರ್ ಇಟ್ಟಂಗ.

ಮತ್ತ ನನ್ನದೊಂದು ಕೆಲಸ ಅದ ನಿಮ್ಮ ಕಡೆ. ನಮ್ಮ ದೊಡ್ಡ ಮೈದುನನ ಮಗನ ಮುಂಜಿವಿಯೊಳಗ ಅತ್ತಿಯವರು ಅಡಗಿ ಮನಿ ಬಾಗಲದಾಗ ಕೂತು ಹಾಡಿದ್ರು, ನಾಲ್ಕೈದು ಮಂದಿ ಫೋನ್ ಹಿಡಕೊಂಡು ನಿಂತಿದ್ದು ನನಗ ನೆನಪದ, ಯಾರಾರು ಅಂತ ನೆನಪಿಲ್ಲ. ಹಸರ ಇಳಕಲ್ ಸೀರಿ ಉಟ್ಟಿದ್ರು. ಹಳೇ ಫೋನು, ಹಳೇ ಮೆಮರಿ ಕಾರ್ಡು ಯಾರ ಡಬ್ಬ್ಯಾಗರ ಇದ್ರ ಒಮ್ಮೆ ಹಚ್ಚಿ ನೋಡ್ರಿ. ಅರ್ಧ ನಿಮಿಷದ್ದು ಇದ್ರೂ ನಡೀತದ, ನಡುವ ಗದ್ದಲ ಇದ್ರೂ ನಡೀತದ. ಸಿಕ್ರ ನನಗೊಂದು ಕಳಸ್ರಿ, ನೀವೂ ಎರಡು ಕಡೆ ಇಟ್ಟುಕೋರಿ.